ಬಣ್ಣದ ಅಡಿಯ ಬಿರುಕು

ಒಡೆದುದನ್ನು ಸರಿಪಡಿಸಿ ಬಳಸುವುದು ಹಿಂದಿನವರಿಗೆ ನಿತ್ಯದ ರೂಢಿಯಾಗಿತ್ತು. ತೂತುಬಿದ್ದ ಕೊಡಪಾನಕ್ಕೆ ಬೆಸುಗೆ, ಹಿತ್ತಾಳೆಯ ಪಾತ್ರೆಗೆ ಕಲಾಯಿ, ಹರಿದ ಗ್ರಂಥಕ್ಕೆ ಹೊಸ ರಟ್ಟು, ಸಡಿಲವಾದ ನೇಗಿಲಿಗೆ ಬೆಣೆ - ಇವು ಬಡತನದ ಗುರುತುಗಳೆಂದು ಯಾರೂ ಎಣಿಸುತ್ತಿರಲಿಲ್ಲ. ಇದ್ದುದನ್ನು ಪೂರ್ಣವಾಗಿ ಬಳಸುವುದು, ಅಗತ್ಯವಿಲ್ಲದೆ ಹೊಸದನ್ನು ಬಯಸದಿರುವುದು ಅಪರಿಗ್ರಹದ ಒಂದು ಸರಳ ಅಭ್ಯಾಸವೇ ಆಗಿತ್ತು. ಆದರೆ ದುರಸ್ತಿಯಲ್ಲಿ ಎರಡು ಬಗೆ. ದೋಷವನ್ನು ನೀಗುವುದು ಒಂದು. ದೋಷವನ್ನು ಕಾಣದಂತೆ ಮಾಡುವುದು ಇನ್ನೊಂದು. ಎರಡನ್ನೂ ಒಂದೇ ಕೈ, ಒಂದೇ ಉಪಕರಣ, ಒಂದೇ ಬಣ್ಣದ ಡಬ್ಬಿ ಮಾಡಬಲ್ಲವು. ಹೊರಗಿನಿಂದ ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಾಡಿದವನ ಮನಸ್ಸಿಗೆ ಮಾತ್ರ ತಿಳಿದಿರುತ್ತದೆ. 'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆ ಹುಟ್ಟಿದ್ದು ಈ ಎರಡನೆಯ ಬಗೆಯ ದುರಸ್ತಿಯನ್ನು ಕಂಡೇ ಇರಬೇಕು.

ಹಳೆಯ ವಾಹನಗಳ ವ್ಯಾಪಾರದಲ್ಲಿ ಈ ವ್ಯತ್ಯಾಸಕ್ಕೆ ಪ್ರಾಣದ ಬೆಲೆ ಇದೆ. ಬಿರುಕುಬಿಟ್ಟ ಕೊಡ ಸೋರಿದರೆ ನೀರು ನಷ್ಟ. ಬಿರುಕುಬಿಟ್ಟ ಮೋಟಾರ್ ಸೈಕಲ್ ಮುರಿದರೆ ಅದರ ಮೇಲೆ ಕುಳಿತವನ ಜೀವವೇ ನಷ್ಟ. ಮೂಡುಬಿದಿರೆಯ ಸಮೀಪದ ಒಂದು ಶ್ರಾವಕ ಮನೆತನದಲ್ಲಿ 2022ರಲ್ಲಿ ನಡೆದ ಸಂಗತಿಯೊಂದು ಈ ದೃಷ್ಟಿಯಿಂದ ಮನನೀಯವಾಗಿದೆ. ಅದರಲ್ಲಿ ಅದ್ಭುತವಾದುದು ಏನೂ ಇಲ್ಲ. ಒಂದು ಬೈಕು, ಒಂದು ಮಳೆಗಾಲ, ಒಂದು ಕೂದಲೆಳೆಯ ಗೆರೆ, ಅಷ್ಟೇ.

ಆ ಮನೆಯ ಮಗ ಯಂತ್ರಶಿಲ್ಪದಲ್ಲಿ ಡಿಪ್ಲೊಮಾ ಪಡೆದು ಮಂಗಳೂರಿನ ಕಾರ್ಖಾನೆಯೊಂದರಲ್ಲಿ ತಂತ್ರಜ್ಞನಾಗಿದ್ದ. ವಾರದ ಕೊನೆಗೆ ಊರಿಗೆ ಬರುತ್ತಿದ್ದ. ಕೈಕೆಲಸದಲ್ಲಿ ಆಸಕ್ತಿ, ಕೆಟ್ಟುಹೋದ ಪಂಪು, ಗ್ರೈಂಡರ್ ಎಲ್ಲವೂ ಅವನ ಕೈಯಲ್ಲಿ ಸರಿಯಾಗುತ್ತಿದ್ದವು. ಆ ಬೇಸಿಗೆಯಲ್ಲಿ ಅವನು ಅಪಘಾತಕ್ಕೀಡಾಗಿದ್ದ ಒಂದು ಯಮಹಾ ಆರ್15 ಬೈಕನ್ನು ಕೊಂಡು ತಂದ. 2008ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಬೈಕು ನೂರೈವತ್ತು ಸಿ.ಸಿ. ಗಾತ್ರದಲ್ಲಿಯೇ ನೀರಿನಿಂದ ತಂಪಾಗುವ ಇಂಜಿನ್, ಆರು ಗೇರು, ಮೈತುಂಬ ಪ್ಲಾಸ್ಟಿಕ್ ಹೊದಿಕೆ, ಪಂದ್ಯದ ಬೈಕುಗಳಂತೆ ಮುಂದಕ್ಕೆ ಬಾಗಿ ಕೂರುವ ಭಂಗಿ ಇವುಗಳಿಂದ ಕಾಲೇಜು ಹುಡುಗರ ಮನಸ್ಸನ್ನು ಗೆದ್ದಿತ್ತು. ತಾನು ಓದುತ್ತಿದ್ದ ದಿನಗಳಲ್ಲಿ ಅದನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಈಗ ಹತ್ತು ವರ್ಷ ಹಳೆಯದಾದ, ಬಿದ್ದು ಎಡಮೈ ಚೂರಾದ ಬೈಕು ಅಗ್ಗಕ್ಕೆ ಸಿಕ್ಕಿತು. ಮನೆಯಲ್ಲಿಯೇ ಸರಿಪಡಿಸಿ ಕೆಲವು ದಿನ ಓಡಿಸಿ, ಅನಂತರ ಮಾರಿ, ಬಂದ ಹಣದಲ್ಲಿ ಮನೆಯ ಹಿಂಬದಿಯ ಮಾಡನ್ನು ರಿಪೇರಿ ಮಾಡಿಸುವುದು ಅವನ ಲೆಕ್ಕ. ಅದಕ್ಕೆ ಹೂಡಿದ್ದು ಒಂದು ವರ್ಷದ ಉಳಿತಾಯ.

ಮಾರಿದವನು ಹೇಳಿದ್ದು ಇಷ್ಟು: "ನಿಲ್ಲಿಸಿದ್ದಲ್ಲೇ ಬಿದ್ದದ್ದು. ಪ್ಲಾಸ್ಟಿಕ್ ಮಾತ್ರ ಹೋಗಿದೆ." ಹೆಸರು ಬದಲಾವಣೆಯ ಕಾಗದಗಳನ್ನು ಮುಂದೆಂದಾದರೂ ನೋಡೋಣವೆಂದೂ ಆತ ಅಂದ. ತರುಣ ಅದಕ್ಕೆ ಒಪ್ಪದೆ 29 ಮತ್ತು 30ನೇ ನಮೂನೆಗಳಿಗೆ ಅಂದೇ ಸಹಿ ಹಾಕಿಸಿ ಸಾರಿಗೆ ಕಚೇರಿಗೆ ಸಲ್ಲಿಸಿದ. ಇದು ಎಲ್ಲರೂ ನೆನಪಿಡಬೇಕಾದ ಮಾತು. ವಾಹನವನ್ನು ಮಾರಿದರೂ ನೋಂದಣಿ ಪುಸ್ತಕದಲ್ಲಿ ಯಾರ ಹೆಸರು ಉಳಿದಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೈಬಿಟ್ಟ ವಸ್ತುವಿನ ಹೊಣೆ ಕೈಬಿಡುವುದಿಲ್ಲ.

ಬಿಚ್ಚತೊಡಗಿದಾಗ ಬೈಕೇ ತನ್ನ ಕಥೆಯನ್ನು ಹೇಳಿತು. ನಿಂತಲ್ಲಿ ಬಿದ್ದ ಬೈಕಿಗೆ ಆಗುವ ಗಾಯಗಳು ಬೇರೆ: ಕ್ಲಚ್ಚಿನ ಹಿಡಿಯ ತುದಿ, ಕಾಲಿಡುವ ಕಂಬಿಯ ತುದಿ, ಕನ್ನಡಿ, ಹೊದಿಕೆಯ ಉಬ್ಬಿದ ಭಾಗ, ಇಷ್ಟರಲ್ಲಿ ಅಲ್ಲಲ್ಲಿ ಜಜ್ಜಿದ ಗುರುತು. ಓಡುತ್ತ ಬಿದ್ದುದರಲ್ಲಿ ಗೀರುಗಳು ಮುಂದಿನಿಂದ ಹಿಂದಕ್ಕೆ ಉದ್ದುದ್ದ ಎಳೆದಿರುತ್ತವೆ. ಎದುರಿಗೆ ಗುದ್ದಿದ್ದರೆ ಮುಂದಿನ ಚಕ್ರ ಹಿಂದಕ್ಕೆ ನುಗ್ಗಿ ರೇಡಿಯೇಟರನ್ನು ಒತ್ತಿರುತ್ತದೆ. ಹ್ಯಾಂಡಲ್ ಅತಿಯಾಗಿ ತಿರುಗದಂತೆ ಚಾಸಿಯ ಮೇಲಿರುವ ಸಣ್ಣ ತಡೆಗಟ್ಟು ಬಾಗಿಯೋ ಮುರಿದೋ ಇರುತ್ತದೆ. ಈ ಬೈಕಿನ ಎಡಮೈಯಲ್ಲಿ ಉದ್ದ ಗೀರುಗಳಿದ್ದವು. ರೇಡಿಯೇಟರಿನ ಕೆಳಗಿನ ರೆಕ್ಕೆಗಳು ಮಡಚಿದ್ದವು. ಹಿಂದಿನ ಚಕ್ರ ಮಾಸಿದ್ದರೆ ಮುಂದಿನ ಚಕ್ರ ಹೊಸದರಂತೆ ಹೊಳೆಯುತ್ತಿತ್ತು. ಇದು ಓಡುತ್ತಲೇ ಬಿದ್ದ, ಬಹುಶಃ ಎದುರಿಗೆ ಏನನ್ನೋ ಗುದ್ದಿದ ಬೈಕು ಎಂಬುದು ಅವನಿಗೆ ಮೊದಲ ವಾರದಲ್ಲಿಯೇ ಖಚಿತವಾಯಿತು.

ಹಾಗೆಂದು ಅವನು ಎದೆಗುಂದಲಿಲ್ಲ. ಗುದ್ದಿದ ಬೈಕನ್ನೂ ಕ್ರಮವರಿತು ಪರೀಕ್ಷಿಸಿದರೆ ಸರಿಪಡಿಸಲು ಸಾಧ್ಯ. ಮುಂದಿನ ಫೋರ್ಕಿನ ಎರಡು ಕೊಳವೆಗಳನ್ನು ಹೊರತೆಗೆದು, ಅಡಿಗೆಮನೆಯ ಕಡಪದ ಕಲ್ಲಿನ ಮೇಲೆ ಮೆಲ್ಲಗೆ ಉರುಳಿಸಿದ. ನೇರವಾದ ಕೊಳವೆ ಕಲ್ಲಿಗೆ ಅಂಟಿದಂತೆ ಉರುಳುತ್ತದೆ. ಬಾಗಿದ್ದು ಏರಿಳಿಯುತ್ತದೆ, ಅದರ ಅಡಿಯಲ್ಲಿ ಬೆಳಕಿನ ಎಳೆ ಕಾಣುತ್ತದೆ. ಎಡದ್ದು ಬಾಗಿತ್ತು. ಒತ್ತಿ ನೇರಮಾಡಿ ಕೊಡುವವರು ಪೇಟೆಯಲ್ಲಿದ್ದರೂ ಒಮ್ಮೆ ಬಾಗಿ ನೇರವಾದ ಉಕ್ಕಿನ ಮೇಲೆ ಭರವಸೆ ಇಡದೆ ಅವನು ಹೊಸ ಕೊಳವೆಯನ್ನೇ ತರಿಸಿದ. ಹ್ಯಾಂಡಲನ್ನು ಎಡಬಲಕ್ಕೆ ತಿರುಗಿಸುವಾಗ ನಡುವಿನಲ್ಲಿ ಕಚ್ಚಿ ನಿಂತಂತಾಗುತ್ತಿತ್ತು. ಗುದ್ದಿದ ರಭಸಕ್ಕೆ ಬೇರಿಂಗಿನ ಗುಂಡುಗಳು ತಮ್ಮ ಬಟ್ಟಲಿನಲ್ಲಿ ಕುಳಿ ಮಾಡಿಕೊಂಡಿದ್ದವು. ಅದನ್ನೂ ಬದಲಾಯಿಸಿದ. ಅನಂತರ ಹಿಂದಿನ ಟೈರಿನ ಎರಡೂ ಪಕ್ಕಗಳಿಂದ ಮುಂದಕ್ಕೆ ಬಿಗಿಯಾಗಿ ದಾರ ಎಳೆದು, ಮುಂದಿನ ಚಕ್ರ ಆ ದಾರಗಳ ನಡುವೆ ಸರಿಯಾಗಿ ನಿಂತಿದೆಯೇ ಎಂದು ಅಳೆದ. ಎರಡೂ ಕಡೆ ಅಂತರ ಸಮನಾಗಿತ್ತು. ಚಾಸಿ ತಿರುಚಿಲ್ಲವೆಂದು ಆ ದಾರ ಹೇಳಿತು. ಅದು ನಿಜವೂ ಆಗಿತ್ತು. ಆದರೆ ದಾರ ಹೇಳಬಲ್ಲುದು ಆಕಾರವನ್ನು ಮಾತ್ರ, ಬಲವನ್ನಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಚಾತುರ್ಮಾಸದ ದಿನಗಳು. ಮನೆಯ ಪಕ್ಕದ ಇಳಿಮಾಡಿನಡಿಯಲ್ಲಿ ನಡೆಯುತ್ತಿದ್ದ ಈ ಕೆಲಸಕ್ಕೆ ತಾಯಿ ತನ್ನದೇ ಆದ ಕೆಲವು ನಿಯಮಗಳನ್ನು ವಿಧಿಸಿದರು. ಸಂಜೆ ದೀಪ ಹಚ್ಚಿ ಕೆಲಸ ಮಾಡುವಂತಿಲ್ಲ. ಮಳೆಗಾಲದ ಹುಳುಗಳು ಬೆಳಕಿಗೆ ಬಂದು ಎಣ್ಣೆಯಲ್ಲಿ ಬಿದ್ದು ಸಾಯುತ್ತವೆ. ಭಾಗಗಳನ್ನು ತೊಳೆಯುವ ಸೀಮೆಎಣ್ಣೆಯ ತಟ್ಟೆಗೆ ಸದಾ ಮುಚ್ಚಳ ಇರಬೇಕು. ಗಾಳಿ ಶೋಧಕದ ಪೆಟ್ಟಿಗೆಯ ಮೂಲೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಅದರೊಳಗಿನ ಮರಿ ಬೆಳೆದು ತಾನಾಗಿ ಹಾರಿಹೋಗುವವರೆಗೆ ಆ ಪೆಟ್ಟಿಗೆಯನ್ನು ಮುಟ್ಟಬಾರದೆಂದು ಅವರು ಹೇಳಿದರು. ಮಗ ಮೊದಲು ನಕ್ಕ, ಅನಂತರ ಒಪ್ಪಿದ. ಗೂಡು ತೆರವಾಗುವವರೆಗೆ ಬೇರೆ ಕೆಲಸ ಮಾಡಿದ. ಸೂರ್ಯಾಸ್ತಕ್ಕೆ ಮುನ್ನ ಕೈತೊಳೆದು ಊಟಕ್ಕೆ ಕೂರುವ ನಿಯಮದಿಂದ ಕೆಲಸ ನಿಧಾನವಾಯಿತು. ಆದರೆ ಮಸುಕು ಬೆಳಕಿನಲ್ಲಿ ಅವಸರದಿಂದ ಬಿಗಿದ ಒಂದು ನಟ್ಟೂ ಆ ಬೈಕಿನಲ್ಲಿ ಉಳಿಯಲಿಲ್ಲ.

ವಾಹನ ದುರಸ್ತಿಯಲ್ಲಿ ಹಿಂಸೆಯ ದಾರಿಗಳು ಕಣ್ಣಿಗೆ ಬೀಳದಷ್ಟು ಸಣ್ಣವು. ರೇಡಿಯೇಟರಿನಿಂದ ಇಳಿಸಿದ ಕೂಲೆಂಟ್ ದ್ರವದಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕೋಲ್ ಎಂಬ ರಾಸಾಯನಿಕ ಇರುತ್ತದೆ. ಅದಕ್ಕೆ ಸಿಹಿ ರುಚಿ. ಅಂಗಳಕ್ಕೆ ಚೆಲ್ಲಿದರೆ ನಾಯಿ ಬೆಕ್ಕುಗಳು ನೆಕ್ಕುತ್ತವೆ. ಸ್ವಲ್ಪ ಪ್ರಮಾಣವೇ ಅವುಗಳ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲಬಲ್ಲುದು. ಇಂಜಿನ್ನಿನಿಂದ ತೆಗೆದ ಕಪ್ಪು ಎಣ್ಣೆಯನ್ನು ತೆಂಗಿನ ಬುಡಕ್ಕೋ ಚರಂಡಿಗೋ ಸುರಿಯುವುದು ಹಲವೆಡೆ ರೂಢಿ. ಮಣ್ಣಿನ ಜೀವರಾಶಿಗೂ ಬಾವಿಯ ನೀರಿಗೂ ಅದು ವಿಷ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಧಿಕೃತ ಪುನರ್ಬಳಕೆದಾರರಿಗೆ ತಲುಪಬೇಕು. ತರುಣ ಎಲ್ಲ ದ್ರವಗಳನ್ನೂ ಬೇರೆಬೇರೆ ಡಬ್ಬಿಗಳಲ್ಲಿ ತುಂಬಿ, ಮೇಲೆ ಹೆಸರು ಬರೆದು, ಅವನ್ನು ಸಂಗ್ರಹಿಸಿ ಕಳುಹಿಸುವ ಮಂಗಳೂರಿನ ಗ್ಯಾರೇಜಿಗೆ ಒಯ್ದು ಕೊಟ್ಟ. ಬೈಕಿನೊಂದಿಗೆ ಉಚಿತವಾಗಿ ಬಂದಿದ್ದ ಹೆಲ್ಮೆಟ್ಟನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲಿನಂಥ ಪದರ ಪೆಟ್ಟನ್ನು ತಾನು ನುಂಗಿ ಒಮ್ಮೆ ಕುಗ್ಗುತ್ತದೆ, ಮತ್ತೆ ಉಬ್ಬುವುದಿಲ್ಲ. ಹೊರಚಿಪ್ಪು ಹೊಳೆಯುತ್ತಿದ್ದರೂ ಎರಡನೆಯ ಪೆಟ್ಟಿಗೆ ಅದು ಪ್ರಯೋಜನಕ್ಕಿಲ್ಲ. ಇನ್ನೊಬ್ಬರು ಹೆಕ್ಕಿಕೊಂಡು ಧರಿಸದಂತೆ ಅದನ್ನು ಒಡೆದು ಹಾಕಿದ.

ಪ್ಲಾಸ್ಟಿಕ್ ಹೊದಿಕೆಯ ದುರಸ್ತಿಯೇ ಅತ್ಯಂತ ತಾಳ್ಮೆಯ ಕೆಲಸವಾಗಿತ್ತು. ಚೂರುಗಳನ್ನು ನೆಲದ ಮೇಲೆ ಜೋಡಿಸಿ, ಇಲ್ಲದ ಭಾಗಗಳನ್ನು ಕಾಗದದಲ್ಲಿ ಕತ್ತರಿಸಿ ಅಳತೆ ತೆಗೆದ. ಅದೇ ಜಾತಿಯ ಪ್ಲಾಸ್ಟಿಕ್ಕಿನ ಸಣ್ಣ ತುಣುಕುಗಳನ್ನು ಅಸಿಟೋನಿನಲ್ಲಿ ಕರಗಿಸಿದರೆ ಗಂಜಿಯಂಥ ಅಂಟು ದೊರೆಯುತ್ತದೆ. ಅದನ್ನು ಸಂದಿಗೆ ತುಂಬಿದರೆ ಒಣಗಿದ ಮೇಲೆ ಎರಡು ತುಂಡುಗಳೂ ಒಂದೇ ಆಗುತ್ತವೆ. ಬಲ ಬೇಕಾದ ಕಡೆ ಒಳಮೈಯಲ್ಲಿ ತಂತಿಯ ಬಲೆಯನ್ನು ಬಿಸಿಮಾಡಿ ಒತ್ತಿ ಹುದುಗಿಸಿದ. ಹೊರಮೈಗೆ ಮಾತ್ರ ಮರಳುಕಾಗದ ಹಾಕಿ ನಯಗೊಳಿಸಿದ. ಒಳಮೈಯ ಬೆಸುಗೆಗಳನ್ನು ಇದ್ದಂತೆಯೇ ಬಿಟ್ಟ. ಹೊದಿಕೆ ಬಿಚ್ಚಿ ನೋಡಿದ ಯಾರಿಗಾದರೂ ಇದು ಒಡೆದು ಕೂಡಿಸಿದ್ದು ಎಂದು ತಿಳಿಯಲಿ ಎಂಬುದು ಅವನ ಎಣಿಕೆ. ಇಲ್ಲಿ ಅಂದಕ್ಕಾಗಿ ಬಣ್ಣ ಬಳಿಯುವುದರಲ್ಲಿ ದೋಷವಿಲ್ಲ. ಹೊದಿಕೆ ಮುರಿದರೆ ಗಾಳಿ ತಾಗೀತು, ಅಷ್ಟೇ. ಅದು ಯಾರ ಭಾರವನ್ನೂ ಹೊರುವುದಿಲ್ಲ.

ಸೆಪ್ಟೆಂಬರಿನ ವೇಳೆಗೆ ಇಂಜಿನ್, ಚಕ್ರ, ಬ್ರೇಕು, ಹೊದಿಕೆ ಎಲ್ಲವೂ ಸಿದ್ಧವಾಗಿ ಚಾಪೆಯ ಮೇಲೆ ಸಾಲಾಗಿ ಕುಳಿತವು. ತೇವದ ಗಾಳಿಯಲ್ಲಿ ಬಣ್ಣ ಹಿಡಿಯದ ಕಾರಣ ಚಾಸಿಯ ಕೆಲಸ ಮಾತ್ರ ಮಳೆ ಬಿಡುವುದನ್ನು ಕಾಯುತ್ತಿತ್ತು. ಆ ಹೊತ್ತಿಗೆ ಬೈಕಿನ ಸುದ್ದಿ ಕೇಳಿ ಪೇಟೆಯ ಒಬ್ಬ ವಿದ್ಯಾರ್ಥಿ ತನ್ನ ತಂದೆಯೊಂದಿಗೆ ಬಂದ. ತಂದೆ ಮನೆಮನೆ ಅಂಗಡಿ ಅಂಗಡಿ ತಿರುಗಿ ಪಿಗ್ಮಿ ಹಣ ಸಂಗ್ರಹಿಸುವವರು. ಮಗನ ಮೂರು ವರ್ಷದ ಹಟಕ್ಕೆ ಸೋತು, ಹೊಸದು ಎಟುಕದೆ, ಹಳೆಯದಾದರೂ ಆಗಲೆಂದು ಬಂದಿದ್ದರು. ತರುಣನ ಕೆಲಸದ ಅಚ್ಚುಕಟ್ಟನ್ನು ಕಂಡು ಸಂತೋಷಪಟ್ಟು ಮುಂಗಡ ಕೊಟ್ಟು ಹೋದರು. ಬೈಕು ಬಿದ್ದು ಎದ್ದದ್ದು ಎಂಬುದನ್ನು ಅವನು ಆಗಲೇ ಹೇಳಿದ್ದ. ಅವರಿಗೆ ಅದರಿಂದ ಅಳುಕಾಗಲಿಲ್ಲ. ಸರಿಪಡಿಸಿದವನ ಮೇಲೆ ನಂಬಿಕೆ ಇತ್ತು.

ದೀಪಾವಳಿಯ ನಿರ್ವಾಣ ಪೂಜೆ ಕಳೆದು, ಬಿಸಿಲು ಚೆನ್ನಾಗಿ ಕಾಯತೊಡಗಿದ ಮೇಲೆ, ಚಾಸಿಯ ಹಳೆಯ ಬಣ್ಣವನ್ನು ಕೆರೆಯಲು ಅವನು ಕುಳಿತ. ಹ್ಯಾಂಡಲ್ ಕೂರುವ ಕತ್ತಿನ ಬಳಿ, ಬಲಗಡೆಯ ಬೆಸುಗೆಯ ಅಂಚಿನಲ್ಲಿ ಮರಳುಕಾಗದದ ಸದ್ದು ಬದಲಾಯಿತು. ಉಕ್ಕಿನ ಗರಗರ ಹೋಗಿ ಸುಣ್ಣದ ಗೋಡೆ ಉಜ್ಜಿದಂಥ ಮೆತ್ತನೆಯ ಸದ್ದು. ಆಯಸ್ಕಾಂತದ ತುಂಡನ್ನು ಹಿಡಿದು ನೋಡಿದ. ಬೇರೆಲ್ಲ ಕಡೆ ಗಟ್ಟಿಯಾಗಿ ಕಚ್ಚುತ್ತಿದ್ದುದು ಅಲ್ಲಿ ಜಾರಿ ಬಿತ್ತು. ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದರು. ಪುಟ್ಟಿಯನ್ನು ಕೆರೆದು, ಆ ಜಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತಿನ ಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿದ. ಇದು ಹಳೆಯ ಕಾಲದ ಪರೀಕ್ಷೆ. ಲೋಹ ಅಖಂಡವಾಗಿದ್ದರೆ ಪುಡಿ ಬೆಳ್ಳಗೆ ಉಳಿಯುತ್ತದೆ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಮೆಲ್ಲನೆ ಮೇಲೇರಿ ಪುಡಿಯನ್ನು ತೋಯಿಸುತ್ತದೆ. ಕೆಲವು ನಿಮಿಷಗಳಲ್ಲಿ ಬಿಳಿಯ ಪುಡಿಯ ಮೇಲೆ ಹೆಬ್ಬೆರಳಿನುದ್ದದ, ಕೂದಲೆಳೆಯಷ್ಟು ಸಣ್ಣ, ಕಪ್ಪು ಗೆರೆಯೊಂದು ಮೂಡಿತು.

ಆ ಗೆರೆಯ ಅರ್ಥವನ್ನು ಅವನು ಬಲ್ಲವನಾಗಿದ್ದ. ಬೈಕು ಓಡುವಾಗ ರಸ್ತೆಯ ಪ್ರತಿಯೊಂದು ಕುಲುಕೂ ಫೋರ್ಕಿನ ಮೂಲಕ ಈ ಕತ್ತಿಗೇ ಬಂದು ತಾಗುತ್ತದೆ. ಮುಂದಿನ ಬ್ರೇಕು ಹಿಡಿದಾಗ ಸವಾರನ ಹಾಗೂ ಬೈಕಿನ ಭಾರ ಮುಂದಕ್ಕೆ ವಾಲಿ, ಅದನ್ನು ತಡೆಯುವ ಒತ್ತಡವೆಲ್ಲ ಇಲ್ಲಿಯೇ ನಿಲ್ಲುತ್ತದೆ. ಪ್ರತಿ ಕುಲುಕಿಗೂ ಬಿರುಕಿನ ಬಾಯಿ ತೆರೆದು ಮುಚ್ಚುತ್ತದೆ. ಪ್ರತಿ ಸಲವೂ ಗೆರೆ ಎಳ್ಳಿನ ನೂರರಲ್ಲೊಂದು ಪಾಲು ಮುಂದೆ ಸಾಗುತ್ತದೆ. ತಿಂಗಳುಗಟ್ಟಲೆ ಏನೂ ಆಗದು. ಉಳಿದ ಲೋಹ ಭಾರ ತಾಳಲಾರದಷ್ಟು ಕಿರಿದಾದ ದಿನ, ಮುನ್ಸೂಚನೆಯಿಲ್ಲದೆ, ಒಂದೇ ಸಲಕ್ಕೆ ಮುರಿಯುತ್ತದೆ. ಅದು ಮುರಿಯುವುದು ಮನೆಯಂಗಳದಲ್ಲಿ ಅಲ್ಲ. ವೇಗವಾಗಿ ಹೋಗುತ್ತಿರುವಾಗ ಬಲವಾಗಿ ಬ್ರೇಕು ಹಿಡಿದ ಕ್ಷಣದಲ್ಲಿ. ಅಂದರೆ ಸವಾರನಿಗೆ ಅದರ ಆಸರೆ ಅತ್ಯಂತ ಬೇಕಾದ ಕ್ಷಣದಲ್ಲಿ.

ಆ ವಾರ ಮನೆಗೆ ಬಂದಿದ್ದ ಸೋದರಮಾವನಿಗೆ ಅವನು ವಿಷಯ ತಿಳಿಸಿದ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಮಾವನ ಮಾತಿಗೆ ಎಷ್ಟು ತೂಕವೆಂಬುದು ಸರ್ವವಿದಿತ. ನಲವತ್ತು ವರ್ಷ ಅಡಿಕೆ ವ್ಯಾಪಾರ ಮಾಡಿದ ಅನುಭವಸ್ಥರು ಅವರು. ಅವರು ಹೇಳಿದ ಮಾತು ನಿರ್ದಯವಾದುದಲ್ಲ, ಲೋಕರೂಢಿಯದು. "ನೀನು ಮಾಡಿದ ಬಿರುಕಲ್ಲ ಅದು. ನಿನಗೆ ಮಾರಿದವನು ಹೇಳಲಿಲ್ಲ. ಒಳ್ಳೆಯ ಬೆಸುಗೆಗಾರನಿಂದ ಹಾಕಿಸು, ಬಣ್ಣ ಕೊಡು. ಕೇಳಿದರೆ ಹೇಳು, ಕೇಳದಿದ್ದರೆ ನೀನಾಗಿ ಏಕೆ ಹೇಳಬೇಕು? ಹಳೆಯ ವಾಹನವೆಂದರೆ ಇದ್ದ ಹಾಗೆ ಕೊಳ್ಳುವುದು. ನೀನು ಹೇಳಿದರೆ ನಷ್ಟವೆಲ್ಲ ನಿನ್ನಲ್ಲಿಯೇ ನಿಲ್ಲುತ್ತದೆ."

ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿಯಾದರೂ ಒಂದು ಕಡೆ ನಿಲ್ಲಲೇಬೇಕಲ್ಲ ಮಾವ" ಎಂದ. ಅನಂತರ, "ಗೋಣಿಯ ಬಾಯಿಗೆ ಒಳ್ಳೆಯ ಅಡಿಕೆ ಸುರಿದು ಅಡಿಯಲ್ಲಿ ಕರಿಗೋಟು ತುಂಬಿದವರನ್ನು ನೀವು ಅಂಗಡಿಯ ಮೆಟ್ಟಿಲು ಹತ್ತಿಸಿರಲಿಲ್ಲ" ಎಂದೂ ಸೇರಿಸಿದ. ಮಾವ ಉತ್ತರ ಕೊಡಲಿಲ್ಲ. ತಾವೇ ಬಾಗಿ ಕನ್ನಡಕ ಸರಿಮಾಡಿಕೊಂಡು ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

ಮಾವನ ವಾದಕ್ಕೆ ಕಾನೂನಿನಲ್ಲಿ ಆಧಾರವೇ ಇಲ್ಲವೆಂದಲ್ಲ. 1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಮು ಮೋಸ ಎಂದರೇನೆಂಬುದನ್ನು ವಿವರಿಸುತ್ತ, ಕೊಳ್ಳುವವನ ಮನಸ್ಸನ್ನು ಬದಲಿಸಬಹುದಾದ ಸಂಗತಿಯ ಬಗ್ಗೆ ಸುಮ್ಮನಿರುವುದಷ್ಟೇ ಮೋಸವಾಗದು ಎನ್ನುತ್ತದೆ. ಅದಕ್ಕೆ ಕೊಟ್ಟಿರುವ ದೃಷ್ಟಾಂತಗಳು ಕುದುರೆಯವು. ಒಬ್ಬ ತನ್ನ ಕುದುರೆ ರೋಗಿಷ್ಠವೆಂದು ತಿಳಿದೂ ಏನನ್ನೂ ಹೇಳದೆ ಹರಾಜಿನಲ್ಲಿ ಮಾರಿದರೆ ಅದು ಮೋಸವಲ್ಲ. ಆದರೆ ಕೊಳ್ಳುವವನು, ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ಭಾವಿಸುತ್ತೇನೆ ಎಂದಾಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮಾನ. ಇನ್ನೊಂದು ದೃಷ್ಟಾಂತದಲ್ಲಿ ಕೊಳ್ಳುವವಳು ಮಾರುವವನ ಮಗಳು, ಆಗ ತಾನೆ ಪ್ರಾಪ್ತವಯಸ್ಕಳಾದವಳು. ಅಲ್ಲಿ ಆ ಸಂಬಂಧವೇ ದೋಷವನ್ನು ಹೇಳುವ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ನೂರೈವತ್ತು ವರ್ಷಗಳ ಹಿಂದೆ ಕುದುರೆಗಾಗಿ ಬರೆದ ಈ ಮಾತುಗಳು ಇಂದಿನ ಉಕ್ಕಿನ ಕುದುರೆಗೂ ಸಲ್ಲುತ್ತವೆ.

ಇಲ್ಲಿ ವಿಚಾರ ಮಾಡಬೇಕಾದ ಸೂಕ್ಷ್ಮವೊಂದಿದೆ. ಕಾನೂನು ಮಗಳಿಗೂ ಪರರಿಗೂ ನಡುವೆ ಗೆರೆ ಎಳೆಯುತ್ತದೆ; ಅದು ಕಾನೂನಿನ ಮಿತಿ. ಅಣುವ್ರತ ಆ ಗೆರೆಯನ್ನು ಎಳೆಯುವುದಿಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರ, ಕಳ್ಳತನಕ್ಕೆ ಪ್ರೇರಣೆ ಹಾಗೂ ಕದ್ದ ಮಾಲಿನ ಸ್ವೀಕಾರಗಳೊಂದಿಗೆ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿದೆ. ಉತ್ತಮವಾದುದರಂತೆ ತೋರುವ ಹೀನವಸ್ತುವನ್ನು ಉತ್ತಮವೆಂದು ಸಾಗಿಸುವುದೇ ಅದು. ಕೊಳ್ಳುವವನು ಯಾರು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಮೌನದಿಂದ ಮಾರಿದ ಬಿರುಕು ಇನ್ನೊಬ್ಬನ ಹಣವನ್ನು ಅವನ ಅರಿವಿಲ್ಲದೆ ಪಡೆಯುತ್ತದೆ. ಅದು ಚೌರ್ಯ. ಅವನ ಪ್ರಾಣವನ್ನೂ ಅವನ ಅರಿವಿಲ್ಲದೆ ಪಣಕ್ಕೊಡ್ಡುತ್ತದೆ. ಅದು ಹಿಂಸೆ. ಮಾಡಿದವನೊಳಗೆ ಉಳಿಯುವುದು ಮಾಯಾಶಲ್ಯ. ಬಣ್ಣದ ಅಡಿಯ ಬಿರುಕಿನಂತೆಯೇ ಅದು ಹೊರಗೆ ಕಾಣದು, ಒಳಗೆ ಬೆಳೆಯುವುದನ್ನು ನಿಲ್ಲಿಸದು.

ಮರುದಿನವೇ ತರುಣ ಆ ತಂದೆ ಮಗನನ್ನು ಕರೆಸಿದ. ಹುಡುಗ ಬಂದವನೇ ಜೋಡಿಸಿಟ್ಟ ಹೊದಿಕೆಯನ್ನು ಸವರುತ್ತ, "ಇನ್ನೇನೂ ತೊಂದರೆ ಇಲ್ಲವಲ್ಲ ಅಣ್ಣ?" ಎಂದು ಕೇಳಿದ. ಸುಮ್ಮನಿದ್ದರೆ ಮಾತಿಗೆ ಸಮಾನವಾಗುವ ಪ್ರಶ್ನೆಯದು. ತರುಣ ಅವನ ಕಣ್ಣೆದುರಿಗೇ ಮತ್ತೊಮ್ಮೆ ಸೀಮೆಎಣ್ಣೆ ಸವರಿ, ಒರಸಿ, ಪುಡಿ ಉದುರಿಸಿದ. ಗೆರೆ ಮೂಡಿತು. ಹುಡುಗನ ಮುಖ ಬಾಡಿತು. ಬೆಸುಗೆ ಹಾಕಿಸಿದರೆ ಸಾಲದೇ ಎಂದು ಕೇಳಿದ. ಒತ್ತುಕಟ್ಟಿನಲ್ಲಿ ಬಿಗಿದು ಅಳತೆ ತಪ್ಪದಂತೆ ಬೆಸುಗೆ ಹಾಕುವ ನುರಿತವರಿದ್ದರೂ, ಬೆಸುಗೆಯ ಶಾಖಕ್ಕೆ ಅಕ್ಕಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ, ಅದರ ಬಲಕ್ಕೆ ತಾನು ಮಾತು ಕೊಡಲಾರೆನೆಂದು ತರುಣ ವಿವರಿಸಿದ. ಮುಂಗಡದ ಹಣವನ್ನು ಪೂರ್ತಿಯಾಗಿ ಎಣಿಸಿ ಕೊಟ್ಟ. ಪಿಗ್ಮಿ ಸಂಗ್ರಹಿಸುವ ಆ ತಂದೆ ಹಣವನ್ನು ಎಣಿಸದೆ ಜೇಬಿಗಿಟ್ಟರು. ಮುಂದೆ ಯಾವ ಹಳೆಯ ಬೈಕನ್ನು ನೋಡಲು ಹೋದರೂ ಈತನನ್ನು ಜೊತೆಗೆ ಕರೆದೊಯ್ಯುವುದಾಗಿ ಹೇಳಿ ಹೋದರು.

ಉಳಿದುದನ್ನು ಬೇಗ ಹೇಳಬಹುದು. ಚಾಸಿಯೇ ವಾಹನದ ಗುರುತು. ಅದರ ಸಂಖ್ಯೆಯ ಮೇಲೆಯೇ ನೋಂದಣಿ ನಿಂತಿದೆ. ಗುಜರಿಯಿಂದ ಬೇರೊಂದು ಚಾಸಿ ತಂದು ಸಂಖ್ಯೆ ಕೆತ್ತಿಸಿ ಓಡಿಸುವ ಕಳ್ಳದಾರಿಯನ್ನು ಒಂದಿಬ್ಬರು ಸೂಚಿಸಿದರು. ಅವನು ಒಪ್ಪಲಿಲ್ಲ. ಹೊಸ ಚಾಸಿಯನ್ನು ತರಿಸಿ, ಅನುಮತಿ ಪಡೆದು ಕೂರಿಸುವ ಖರ್ಚು ಬೈಕಿನ ಬೆಲೆಯನ್ನೇ ಮೀರುತ್ತಿತ್ತು. ಕೊನೆಗೆ, ಬಳಕೆಗೆ ಶಾಶ್ವತವಾಗಿ ಅಯೋಗ್ಯವಾದ ವಾಹನದ ಮಾಲೀಕನು ಹದಿನಾಲ್ಕು ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ 1988ರ ಮೋಟಾರು ವಾಹನ ಕಾಯಿದೆಯ 55ನೇ ಕಲಮಿನಂತೆ ಪುಸ್ತಕವನ್ನು ಒಪ್ಪಿಸಿ ನೋಂದಣಿ ರದ್ದುಪಡಿಸಿದ. ಚಾಸಿಯನ್ನು ಕತ್ತಿನ ಬಳಿಯೇ ಎರಡಾಗಿ ಕತ್ತರಿಸಿ ಗುಜರಿಗೆ ಹಾಕಿದ, ಮತ್ತೆ ಯಾರೂ ಪುಟ್ಟಿ ತುಂಬದಂತೆ. ರದ್ದತಿಯ ಕಾಗದದ ಪ್ರತಿಯೊಂದಿಗೆ ಇಂಜಿನ್ ಒಂದು ತಾಂತ್ರಿಕ ಶಾಲೆಯ ಮಕ್ಕಳ ಕಲಿಕೆಗೆ ಹೋಯಿತು. ಚಕ್ರ, ಬ್ರೇಕು, ಹೊದಿಕೆಗಳು ಅದೇ ಮಾದರಿಯ ಬೈಕು ಇದ್ದವರಿಗೆ ಸಂದವು. ಯಾವುದು ಹೊಸದು, ಯಾವುದು ಒಡೆದು ಕೂಡಿಸಿದ್ದು ಎಂಬ ಚೀಟಿ ಪ್ರತಿಯೊಂದರ ಜೊತೆಗೂ ಇತ್ತು. ಹಾಕಿದ ಹಣದಲ್ಲಿ ಅರ್ಧದಷ್ಟು ಮರಳಿತು. ಹಿಂಬದಿಯ ಮಾಡಿನ ರಿಪೇರಿ ಇನ್ನೊಂದು ವರ್ಷಕ್ಕೆ ಮುಂದೆ ಹೋಯಿತು. ಮರುವರ್ಷದ ಮಳೆಗಾಲದಲ್ಲಿ ಅಲ್ಲಿ ಬಕೆಟ್ಟು ಇಟ್ಟೇ ಕಾಲ ಕಳೆದರು. ಸತ್ಯಕ್ಕೆ ಬೆಲೆಯಿಲ್ಲವೆಂದು ಯಾರೂ ಹೇಳದಿರಲಿ. ಬೆಲೆ ಇದೆ, ಅದನ್ನು ಕೊಟ್ಟೇ ಕೊಳ್ಳಬೇಕು.

ಈ ಸಂಗತಿ ಬೈಕಿಗಷ್ಟೇ ಸೀಮಿತವಲ್ಲ. ಬಸದಿಗಳ ಜೀರ್ಣೋದ್ಧಾರದಲ್ಲಿ ತೊಡಗಿದವರು ಇದನ್ನು ಚೆನ್ನಾಗಿ ಬಲ್ಲರು. ಸೀಳಿದ ಕಲ್ಲುತೊಲೆಗೆ ಸಿಮೆಂಟು ಮೆತ್ತಿ ಬಣ್ಣ ಬಳಿದರೆ ಉತ್ಸವದ ದಿನ ಎಲ್ಲರೂ ಮೆಚ್ಚುತ್ತಾರೆ. ತೊಲೆಯ ಕೆಳಗೆ ನಿಂತು ಕೈಮುಗಿಯುವವರಿಗೆ ಅದರ ಸ್ಥಿತಿ ತಿಳಿಯುವುದಿಲ್ಲ. ಟ್ರಸ್ಟು ತನ್ನ ಹಳೆಯ ವಾಹನವನ್ನು ಮಾರುವಾಗ, ಮನೆಯವರು ಹಳೆಯ ಗ್ಯಾಸ್ ಒಲೆಯನ್ನೋ ವಿದ್ಯುತ್ ಗೀಸರನ್ನೋ ಕೆಲಸದಾಕೆಗೆ ದಾನವಾಗಿ ಕೊಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ಭಾರ ಹೊರದ ಕಡೆ ಬಣ್ಣ ಬಳಿಯುವುದು ಅಲಂಕಾರ. ಭಾರ ಹೊರುವ ಕಡೆ ಬಣ್ಣ ಬಳಿಯುವುದು ವಂಚನೆ. ಕೊಳ್ಳುವವರೂ ಇಷ್ಟನ್ನು ಮಾಡಬಹುದು: ಹ್ಯಾಂಡಲಿನ ಕತ್ತಿನ ಬಳಿ ಹೊಸ ಬಣ್ಣವಿದೆಯೇ ನೋಡುವುದು, ಒಂದು ಸಣ್ಣ ಆಯಸ್ಕಾಂತವನ್ನು ಒಯ್ಯುವುದು, ತಡೆಗಟ್ಟು ನೆಟ್ಟಗಿದೆಯೇ ಪರೀಕ್ಷಿಸುವುದು, ಏನಾದರೂ ದೋಷವಿದೆಯೇ ಎಂದು ಸ್ಪಷ್ಟವಾದ ಮಾತಿನಲ್ಲಿ ಕೇಳುವುದು.

ಆದರೆ ಕೊಳ್ಳುವವನ ಎಚ್ಚರಕ್ಕೆ ಒಂದು ಮಿತಿ ಇದೆ. ಮರೆಮಾಡಲು ಬಲ್ಲವನ ಜಾಣ್ಮೆ ಹುಡುಕಲು ಬಾರದವನ ಕಣ್ಣಿಗಿಂತ ಸದಾ ಒಂದು ಹೆಜ್ಜೆ ಮುಂದಿರುತ್ತದೆ. ಆದುದರಿಂದ ಹೇಳುವ ಹೊಣೆ ಬಲ್ಲವನದೇ ಹೊರತು ಕೇಳುವವನದಲ್ಲ. ಕಾಯಿದೆಯ ಆ ಹಳೆಯ ದೃಷ್ಟಾಂತವನ್ನು ಸ್ವಲ್ಪವೇ ಹಿಗ್ಗಿಸಿದರೆ ಸಾಕು. ಎದುರಿಗೆ ಹಣ ಹಿಡಿದು ನಿಂತವನು ಯಾರೇ ಇರಲಿ, ಅವನನ್ನು ಆಗ ತಾನೆ ವಯಸ್ಸಿಗೆ ಬಂದ ತನ್ನ ಸ್ವಂತ ಮಗು ಎಂದು ಎಣಿಸಿ, ಆ ಮಗುವಿಗೆ ಏನನ್ನು ಹೇಳುತ್ತಿದ್ದರೋ ಅಷ್ಟನ್ನು ಹೇಳಿದರೆ ವ್ಯಾಪಾರವೂ ವ್ರತವೇ ಆಗುತ್ತದೆ.